ಸಿಲಿಕಾನ್ ಓಯಸಿಸ್ ಗೇಟಿನ ಗದ್ದುಗೆ

ಗಾರ್ಡ್ ಕ್ವಾಬೆನಾ ನನ್ನ ಜೊತೆ ಮಾತು ಬಿಟ್ಟದ್ದು ಒಂದು ಮಂಗಳವಾರ. ನಾನು ಅವನ ಸೂಪರ್‌ವೈಸರ್. ದುಬೈ ಸಿಲಿಕಾನ್ ಓಯಸಿಸ್‌ನಲ್ಲಿ ಅರ್ಧ ಎದ್ದು ನಿಂತಿದ್ದ ಆಫೀಸು ಕಟ್ಟಡವೊಂದರ ಗೇಟು ನಮ್ಮ ಸೆಕ್ಯುರಿಟಿ ಕಂಪನಿಯ ಪಾಲಿಗೆ ಬಂದಿತ್ತು. ಸುತ್ತ ಮರಳು, ಕ್ರೇನು, ಮತ್ತೆ ಮರಳು. "ಗೇಟಿನ ಕೀ ಎಲ್ಲಿ?" ಎಂದು ಕೇಳಿದೆ. ಅವನು ನನ್ನ ಮುಖವನ್ನೂ ನೋಡದೆ, ಪಕ್ಕದಲ್ಲಿದ್ದ ಇನ್ನೊಬ್ಬ ಗಾರ್ಡ್ ಅಹ್ಮದ್ ಕುಂಞಿಯ ಕಿವಿಗೆ ಬಾಗಿ ಏನೋ ಪಿಸುಗುಟ್ಟಿದ.

"ಕೀ ಅವರ ಕಿಸೆಯಲ್ಲೇ ಉಂಟಂತೆ ಮೋಹನಣ್ಣ," ಎಂದ ಉಪ್ಪಳದ ಅಹ್ಮದ್ ಕುಂಞಿ.

"ಅವರು ಅಂದ್ರೆ ಯಾರು?"

"ಇವರೇ. ಇನ್ನು ಮೇಲೆ ನಾನಾ ಅಂತ ಕರೀಬೇಕಂತೆ. ಅವರ ಊರಿಗೆ ಅರಸ ಆಗಿದ್ದಾರೆ."

ನನಗೆ ಪಿತ್ತ ನೆತ್ತಿಗೇರಿತು. ಗಲ್ಫಿನಲ್ಲಿ ನಾನು ತರಹೇವಾರಿ ನೆಪ ಕೇಳಿದ್ದೇನೆ. ಹಲ್ಲುನೋವು, ಅಜ್ಜಿಯ ಸಾವು, ಅದೇ ಅಜ್ಜಿಯ ಎರಡನೇ ಸಾವು. ಅರಸನಾದೆ ಎಂದು ಡ್ಯೂಟಿಯಲ್ಲಿ ಬಾಯಿ ಮುಚ್ಚಿಕೊಂಡವನನ್ನು ಮಾತ್ರ ಕಂಡಿರಲಿಲ್ಲ. "ಯಲ್ಲಾ, ನಾಟಕ ಸಾಕು!" ಎಂದು ಗದರಿದೆ. ಕ್ವಾಬೆನಾ ಮತ್ತೆ ಬಾಗಿದ. ಈ ಸಲ ಕೈಯಾಡಿಸುತ್ತ, ಕಣ್ಣಲ್ಲಿ ನೀರು ತಂದುಕೊಂಡು, ತನ್ನ ಇಂಗ್ಲಿಷಿನಲ್ಲಿ ಬಹಳ ಹೊತ್ತು ಪಿಸುಗುಟ್ಟಿದ.

"ಮಾವ ತೀರಿಕೊಂಡ್ರಂತೆ," ಎಂದ ಅಹ್ಮದ್ ಕುಂಞಿ.

"ಇಷ್ಟು ಹೊತ್ತು ಹೇಳಿದ್ದು ಅಷ್ಟೇಯಾ?"

"ಉಳಿದದ್ದು ದುಃಖದ್ದು."

ಮಾವ ಎಂದದ್ದೇ ನನ್ನ ಕಿವಿ ನೆಟ್ಟಗಾಯಿತು. ತಾಯಿಯ ಅಣ್ಣನೇ ಎಂದು ಕೇಳಿದೆ. ಹೌದು. ಕ್ವಾಬೆನಾ ಘಾನಾ ದೇಶದ ಅಸಾಂಟೆ ಜನದವನು. ಅಲ್ಲಿ ಊರ ಅರಸನ ಪೀಠ ಮಗನಿಗೆ ಹೋಗುವುದಿಲ್ಲ, ಸೋದರಳಿಯನಿಗೆ ಹೋಗುತ್ತದೆ. ಯಾವ ಅಳಿಯ ಎಂಬುದನ್ನು ಮನೆತನದ ಹಿರಿಯ ಹೆಂಗಸು ತೀರ್ಮಾನಿಸುತ್ತಾಳೆ. ಆ ಅಜ್ಜಿ ಫೋನಿನಲ್ಲೇ ಕ್ವಾಬೆನಾನನ್ನು ಆರಿಸಿದ್ದಳು, ಊರ ಹಿರಿಯರು ಫೋನಿನಲ್ಲೇ ಪ್ರಮಾಣ ಮಾಡಿಸಿದ್ದರು. ಪೂರ್ತಿ ಪಟ್ಟ ಎಪ್ರಿಲಿನಲ್ಲಿ. ಅಷ್ಟರೊಳಗೆ ಊರು ಮುಟ್ಟದಿದ್ದರೆ ಪೀಠ ಅವನ ಚಿಕ್ಕಮ್ಮನ ಮಗನಿಗೆ. ಆತ ಹಳೇ ಟಯರು ಮಾರುವವನು ಎಂದು ಹೇಳುವಾಗ ಕ್ವಾಬೆನಾನ ಮೂಗಿನ ಹೊಳ್ಳೆ ಅರಳಿತು.

ನಾನು ಕಾರ್ಕಳದ ಕಡೆಯ, ಊರ ಯಜಮಾನಿಕೆಯ ಗುತ್ತಿನ ಮನೆಯ ಶೆಟ್ಟಿ. ನಮ್ಮದೂ ಅಳಿಯಕಟ್ಟು. ಯಜಮಾನಿಕೆಗೆ ನಾವು 'ಗಡಿ ಹಿಡಿಯುವುದು' ಎನ್ನುತ್ತೇವೆ. ದೊಡ್ಡ ಮಾವನ ನಂತರ ಗಡಿ ಹಿಡಿದದ್ದು ನಮ್ಮ ದೊಡ್ಡಮ್ಮನ ಮಗ ಸುಶಾಂತ. ನೇಮದ ದಿನ ದೈವದ ಎದುರು ನೆಟ್ಟಗೆ ನಿಲ್ಲಲು ಬಾರದ, ಬೆಂಗಳೂರು ಕ್ಲಬ್ಬಿನಲ್ಲಿ ಇಸ್ಪೀಟು ಚೆನ್ನಾಗಿ ಆಡುವ ಸುಶಾಂತ. ನನ್ನ ಅಮ್ಮ ಎರಡು ವರ್ಷ ತಡವಾಗಿ ಹುಟ್ಟಿದ್ದೇ ನಾನು ಮಾಡಿದ ತಪ್ಪು. ಈ ಹೊಟ್ಟೆಯುರಿಯನ್ನು ದುಬೈಯಲ್ಲಿ ಯಾರಿಗೆ ಹೇಳಿದರೂ 'ತಂದೆಯ ಆಸ್ತಿ ಮಗನಿಗಲ್ಲವೇ' ಎಂದು ಬಾಯಿ ಬಿಡುತ್ತಿದ್ದರು. ಬಿಡಿಸಿ ಹೇಳುವ ಅಗತ್ಯವೇ ಇಲ್ಲದ ಮೊದಲ ಮನುಷ್ಯ ಈ ಕ್ವಾಬೆನಾ. ನನಗೆ ಅವನ ಮೇಲೆ ಒಮ್ಮೆಗೇ ಪ್ರೀತಿ ಉಕ್ಕಿ ಬಂತು.

ಅರಸ ಜನರ ಜೊತೆ ನೇರವಾಗಿ ಮಾತಾಡಬಾರದು. ಅವನ ಮಾತನ್ನು ಕೇಳಿಸಿಕೊಂಡು, ಚಂದ ಮಾಡಿ ಜನಕ್ಕೆ ಮುಟ್ಟಿಸುವವನಿಗೆ ಒಚಿಯಾಮೆ ಎಂದು ಹೆಸರು. ಅಹ್ಮದ್ ಕುಂಞಿಯ ಕೈಯಲ್ಲಿ ಅರ್ಧ ಗಂಟೆಯ ಮಾತು ಅರ್ಧ ಸಾಲಾಗುತ್ತಿತ್ತು. ಹಾಗಾಗಿ ಆ ಪದವಿಯನ್ನು ನಾನೇ ಕಿತ್ತುಕೊಂಡೆ. ಸೂಪರ್‌ವೈಸರ್ ತನ್ನ ಗಾರ್ಡಿನ ಮಂತ್ರಿಯಾದದ್ದು ಕಂಪನಿಯ ಯಾವ ರೂಲಿನಲ್ಲೂ ಇರಲಿಲ್ಲ. ಇರಬಾರದು ಎಂದೂ ಇರಲಿಲ್ಲ.

ಬಟ್ಟೆ ಖರೀದಿಗೆ ಬರ್ ದುಬೈಗೆ ಬಂದ ಅಸಾಂಟೆ ವ್ಯಾಪಾರಿ ಹೆಂಗಸೊಬ್ಬಳು ಅವನ ಪೀಠ, ದೊಡ್ಡ ಚಪ್ಪಲಿ ಮತ್ತು ಹಳದಿ ಹಸಿರು ಪಟ್ಟಿಯ ಕೆಂಟೆ ಬಟ್ಟೆ ತಂದುಕೊಟ್ಟಳು. ಪೀಠವೆಂದರೆ ಒಂದೇ ಮರದ ತುಂಡಿನಲ್ಲಿ ಕೆತ್ತಿದ, ದೋಣಿಯಂತೆ ಬಾಗಿದ ಮಣೆ. ಒಡೆಯನ ಪ್ರಾಣ ಅದರಲ್ಲಿರುತ್ತದಂತೆ. ಅವನು ಎದ್ದ ಕೂಡಲೇ ಅದನ್ನು ಮಗ್ಗುಲಿಗೆ ಮಲಗಿಸಬೇಕು, ಇಲ್ಲದಿದ್ದರೆ ಬೇರೆ ಯಾವುದೋ ಬಂದು ಕೂರುತ್ತದೆ. ನಮ್ಮಲ್ಲೂ ಊಟವಾದ ಮೇಲೆ ಮಣೆಯನ್ನು ಗೋಡೆಗೆ ಒರಗಿಸುತ್ತೇವೆ, ನನಗೆ ಕೂಡಲೇ ಅರ್ಥವಾಯಿತು. ಅಹ್ಮದ್ ಕುಂಞಿಗೆ ಆಗಲಿಲ್ಲ. ಬಿದ್ದ ಸಾಮಾನು ಕಂಡರೆ ಎತ್ತಿಡುವ ಕೈ ಅವನದು. ಒಮ್ಮೆ ಅವನು ನೆಟ್ಟಗೆ ಇಟ್ಟ ಪೀಠದ ಮೇಲೆ ಸೈಟಿನ ಬೆಕ್ಕು ಕೂತುಬಿಟ್ಟಿತು. ಕ್ವಾಬೆನಾ ಇಡೀ ದಿನ ಆ ಬೆಕ್ಕನ್ನು ಸಂಶಯದಿಂದ ನೋಡಿದ. ಮರುದಿನದಿಂದ ಅದಕ್ಕೆ ಬಹುವಚನ ಬಳಸಲು ನನಗೆ ಹೇಳಿದ.

ಆಮೇಲೆ ಅರಮನೆ. ಅಸಾಂಟೆ ಮನೆಯೆಂದರೆ ನಡುವೆ ಅಂಗಳ, ನಾಲ್ಕೂ ಬದಿಗೆ ಅಂಗಳಕ್ಕೆ ಮುಖ ಮಾಡಿದ ಕೋಣೆಗಳು. ಗಾರ್ಡ್ ಕ್ಯಾಬಿನ್ ಒಂದು ಬದಿ, ನೀರಿನ ಟ್ಯಾಂಕು ಇನ್ನೊಂದು ಬದಿ, ಸಿಮೆಂಟ್ ಬ್ಲಾಕಿನ ರಾಶಿ ಮೂರನೆಯದು. ನಾಲ್ಕನೆಯದಾಗಿ ಕೂಲಿಗಳ ಪ್ಲಾಸ್ಟಿಕ್ ಕಕ್ಕಸನ್ನು ಫೋರ್ಕ್‌ಲಿಫ್ಟಿನಲ್ಲಿ ಎತ್ತಿಸಿ ತಂದೆವು. ಗೋಡೆಗಳ ಕೆಳಗರ್ಧಕ್ಕೆ ಕೆಂಪು ಕಾವಿ ಬಣ್ಣ, ಮೇಲರ್ಧಕ್ಕೆ ಬಿಳಿ. ಬಿಳಿಯ ಮೇಲೆ ಜಿಪ್ಸಮ್ ಮೆತ್ತಿ ಕ್ವಾಬೆನಾ ತನ್ನ ಕೈಯಾರೆ ಸುರುಳಿ, ಮೊಸಳೆ, ಹಕ್ಕಿ ಎಬ್ಬಿಸಿದ. ಕಕ್ಕಸಿನ ಬಾಗಿಲಿನ ಮೇಲೆ ಮೂಡಿದ ಮೊಸಳೆ ಎಷ್ಟು ಚಂದ ಬಂತೆಂದರೆ, ಒಳಗೆ ಹೋಗಲು ಜನ ಹಿಂಜರಿದರು. ಹೋಟೆಲೊಂದರ ಬೀಚಿನ ಕೊಡೆ ಅವನ ತಲೆಯ ಮೇಲೆ ಬಂತು. ನನಗೆ ನೆಲ ಒರೆಸುವ ಕೋಲೊಂದು ಸಿಕ್ಕಿತು. ಅದರ ತುದಿಗೆ ಕಾರ್ಪೆಂಟರ್ ಇಗ್ನೇಶಿಯಸ್ ಮೊಟ್ಟೆ ಹಿಡಿದ ಒಂದು ಕೈಯನ್ನು ಕೆತ್ತಿ ಚಿನ್ನದ ಬಣ್ಣ ಬಳಿದುಕೊಟ್ಟ. ಅದು ಒಚಿಯಾಮೆಯ ದಂಡ.

ಒಂದು ವಿಷಯವನ್ನು ಮಾತ್ರ ಕ್ವಾಬೆನಾ ಕ್ಯಾಬಿನ್ನಿನ ಬಾಗಿಲು ಹಾಕಿ, ದನಿ ತಗ್ಗಿಸಿ ಹೇಳಿದ. ಅರಸನನ್ನು ಇಳಿಸಬೇಕಾದರೆ ಅವನ ಚಪ್ಪಲಿ ಕಳಚಿ, ಕುಂಡೆಯನ್ನು ಮೂರು ಸಲ ನೆಲಕ್ಕೆ ತಾಗಿಸುತ್ತಾರೆ. ಅಷ್ಟಾದರೆ ಖಲಾಸ್. ಪಟ್ಟ ಹೋಯಿತು, ಮತ್ತೆ ಬರುವುದಿಲ್ಲ. ಹಾಗಾಗಿ ಅವನು ಬರಿಗಾಲಲ್ಲಿ ನೆಲ ಮೆಟ್ಟುತ್ತಿರಲಿಲ್ಲ. ಸ್ನಾನ ಕೂಡ ಚಪ್ಪಲಿ ಹಾಕಿಯೇ.

ಇನ್ನು ರಜೆಯೊಂದು ಸಿಕ್ಕಿದರೆ ಆಯಿತು. ನಮ್ಮ ಏರಿಯಾ ಮ್ಯಾನೇಜರ್ ಫ್ಲಾಯ್ಡ್ ಊದ್ ಮೇಥಾದಲ್ಲಿ ಮನೆ ಮಾಡಿದ್ದ ಮಂಗಳೂರಿನವನು. ಇನ್‌ಸ್ಪೆಕ್ಷನ್ನಿಗೆ ಬಂದವನು ಅಂಗಳದಲ್ಲಿ ನಿಂತು, ಕೊಡೆ ನೋಡಿ, ಮೊಸಳೆ ನೋಡಿ, ಬೆಕ್ಕು ನೋಡಿ ನನ್ನ ಕಡೆ ತಿರುಗಿದ.

"ಎಂತ ಮಾರಾಯ ಇದು? ಬುದ್ಧಿ ಉಂಟಾ ನಿಂಗೆ? ಇವತ್ತೇ ಇವನ ವೀಸಾ ಕ್ಯಾನ್ಸಲ್ ಮಾಡ್ತೇನೆ."

ನಾನು ಒಳಗೊಳಗೆ ಹಿಗ್ಗಿದೆ. ಕ್ಯಾನ್ಸಲ್ ಆದರೆ ಕಂಪನಿಯೇ ಪಾಸ್‌ಪೋರ್ಟ್ ಕೈಗೆ ಕೊಟ್ಟು ವಿಮಾನ ಹತ್ತಿಸುತ್ತದೆ! ಆದರೆ ಅದೇ ಹೊತ್ತಿಗೆ ಕಟ್ಟಡದ ಕ್ಲೈಂಟ್, ಲಂಡನ್ನಿನ ಬಿಳಿಯ ಸಾಹೇಬ, ಕಾರಿನಿಂದಿಳಿದ. ಗೇಟು ತೆಗೆಯಿರಿ ಎಂದ. ಕ್ವಾಬೆನಾ ಮಿಸುಕಲಿಲ್ಲ, ನನ್ನ ಕಿವಿಯಲ್ಲಿ "ಇವನನ್ನು ಕಾಯಿಸು" ಎಂದ. ನಾನು ದಂಡ ಎತ್ತಿ, "ದೂರದ ಬಿಸಿಲಿನಿಂದ ಬಂದ ಅತಿಥಿಗಳು ಮೊದಲು ನಮ್ಮ ಅಂಗಳದ ನೆರಳಿನಲ್ಲಿ ಸುಧಾರಿಸಿಕೊಳ್ಳಬೇಕೆಂದು ನಾನಾ ಬಯಸುತ್ತಾರೆ" ಎಂದು ಇಂಗ್ಲಿಷಿನಲ್ಲಿ ಘೋಷಿಸಿದೆ. ಸಾಹೇಬನ ಕಣ್ಣು ತುಂಬಿ ಬಂತು. ಈ ಊರಿನಲ್ಲಿ ತನ್ನನ್ನು ಯಾರೂ ಹೀಗೆ ಕಾಯಿಸಿಯೇ ಇಲ್ಲ, ಎಲ್ಲರೂ ಸರ್ ಸರ್ ಎಂದು ಬಾಗಿಲು ತೆಗೆಯುತ್ತಾರೆ ಎಂದ.

ವಾರದೊಳಗೆ ಕಾಂಟ್ರಾಕ್ಟಿನಲ್ಲಿ ಒಂದು ಹೊಸ ಸಾಲು ಸೇರಿತು. ಗೇಟ್ ಚೀಫ್, ಒಂದು. ಬಾಡಿಗೆಗೆ ಆಫೀಸು ನೋಡಲು ಬಂದವರನ್ನೆಲ್ಲ ಸಾಹೇಬ ಮೊದಲು ಅಂಗಳಕ್ಕೇ ಕರೆತರುತ್ತಿದ್ದ. ನಾವು ಹೇಗಾದರೂ ಕೆಲಸದಿಂದ ತೆಗೆಸಿಕೊಳ್ಳಬೇಕೆಂದು ಪಾಡುಪಟ್ಟೆವು. ಕ್ವಾಬೆನಾ ಡ್ಯೂಟಿ ಹೊತ್ತಿಗೆ ನಿದ್ದೆ ಮಾಡಿದ. 'ಎಂಥ ಗಾಂಭೀರ್ಯ' ಎಂದ ಸಾಹೇಬ. ಸಿಮೆಂಟ್ ಲಾರಿಗಳನ್ನು ಒಳಗೆ ಬಿಡಲಿಲ್ಲ. ಸಾಹೇಬ ಲಾರಿಯವರಿಗೇ ಬೈದು, ಬರುವಾಗ ಏನಾದರೂ ಕಾಣಿಕೆ ತನ್ನಿ ಎಂದ.

ಮಾರ್ಚ್ ಮುಗಿಯುತ್ತ ಬಂತು. ನಾನು ಫ್ಲಾಯ್ಡನ ಆಫೀಸಿಗೆ ಹೋಗಿ ಕೈಮುಗಿದೆ. ಅಂಗಲಾಚುವ ಭರದಲ್ಲಿ ಚಪ್ಪಲಿಯ ಗುಟ್ಟನ್ನೂ ಬಾಯಿಬಿಟ್ಟೆ.

"ರಜೆಯಾ? ಮಾಫಿ, ಇಲ್ಲವೇ ಇಲ್ಲ," ಎಂದ ಫ್ಲಾಯ್ಡ್. "ಗಾರ್ಡ್ ಆದ್ರೆ ನಾಳೆಯೇ ಕಳಿಸ್ತೇನೆ, ಬದಲಿ ಜನ ಬೇಕಾದಷ್ಟು ಉಂಟು. ಚೀಫ್‌ಗೆ ಬದಲಿ ಎಲ್ಲಿಂದ ತರುದು? ಕ್ಲೈಂಟ್ ನನ್ನನ್ನು ಬಿಡುದಿಲ್ಲ. ಒಂದು ಕೆಲಸ ಮಾಡು. ಆ ಚಪ್ಪಲಿ ತೆಗ್ದು, ಮೂರು ಸಲ ಕುಂಡೆ ಊರ್ಲಿಕ್ಕೆ ಹೇಳು. ಗಾರ್ಡ್ ಆಗ್ಲಿ, ಟಿಕೆಟ್ ಕೊಡ್ತೇನೆ."

ಅರಸನಾಗಿಯೇ ಇದ್ದರೆ ಪಟ್ಟಕ್ಕೆ ಹೋಗುವಂತಿಲ್ಲ. ಹೋಗಬೇಕಾದರೆ ಅರಸನಾಗಿರುವಂತಿಲ್ಲ. ಇದನ್ನು ನಾನು ಎಷ್ಟು ಚಂದ ಮಾಡಿ ಹೇಳಲು ಹೋದರೂ ಕ್ವಾಬೆನಾನಿಗೆ ಅರ್ಥವಾಗಿಬಿಟ್ಟಿತು. ಪೀಠದ ಮೇಲೆ ಕೂತು, ಕೆಂಟೆಯ ಸೆರಗಿನಲ್ಲಿ ಮುಖ ಮುಚ್ಚಿ ಅತ್ತ. ನಾನೂ ಅತ್ತೆ. ಸೋದರಳಿಯನಿಗೆ ಬಂದ ಪೀಠ ಕೈತಪ್ಪುವುದು ಎಂದರೇನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮರುದಿನ ಫ್ಲಾಯ್ಡನ ಮುಂದೆ ನಿಂತು, "ಕಾಂಟ್ರಾಕ್ಟಿನಲ್ಲಿ ಚೀಫ್ ಅಂತ ಉಂಟು, ಯಾವ ದೇಶದ ಚೀಫ್ ಅಂತ ಉಂಟಾ?" ಎಂದು ಕೇಳಿದೆ. ಅವನು ಓದಿ ನೋಡಿದ, ಇರಲಿಲ್ಲ. "ನಮ್ಮದೂ ಗುತ್ತಿನ ಮನೆ. ನಾನು ಕೂರ್ತೇನೆ." ಫ್ಲಾಯ್ಡ್ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಹೊಟ್ಟೆ ಏನೋ ಉಂಟು," ಎಂದ.

ಕ್ವಾಬೆನಾ ಎಪ್ರಿಲ್ ಮೊದಲ ವಾರ ಹೋದ. ಪೀಠವನ್ನು ಮಗುವಿನಂತೆ ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡಿದ್ದ. ಗೇಟಿನ ಹೊರಗೆ ನಿಂತು ನನಗೆ ಏನೋ ಹೇಳಲು ಬಾಯಿ ತೆರೆದು, ನೆನಪಾಗಿ, ಅಹ್ಮದ್ ಕುಂಞಿಯ ಕಿವಿಗೆ ಬಾಗಿದ. ಒಚಿಯಾಮೆಯಾಗಿದ್ದ ನಾನು ಈಗ ಚೀಫ್ ಆಗಿಬಿಟ್ಟಿದ್ದೆನಲ್ಲ.

"ಥ್ಯಾಂಕ್ಸ್ ಅಂತೆ," ಎಂದ ಅಹ್ಮದ್ ಕುಂಞಿ. ಕ್ವಾಬೆನಾ ಪಿಸುಗುಟ್ಟಿದ್ದು ಅಷ್ಟು ಹೊತ್ತು, ನನಗೆ ಸಿಕ್ಕಿದ್ದು ಇಷ್ಟೇ.

ಜರಿಪಂಚೆ ಉಟ್ಟು, ಮುಂಡಾಸು ಸುತ್ತಿ, ಕ್ವಾಬೆನಾನದರಂಥದ್ದೇ ದೊಡ್ಡ ಚಪ್ಪಲಿ ಕೊಂಡು ಮೆಟ್ಟಿ ಕೊಡೆಯ ಕೆಳಗೆ ಕೂತೆ. ಪೀಠವೆಂದರೆ ಕೆಂಪು ಬಟ್ಟೆ ಹೊದಿಸಿದ ಪ್ಲಾಸ್ಟಿಕ್ ಕುರ್ಚಿ. ಸಾಹೇಬನಿಗೆ ವ್ಯತ್ಯಾಸವೇ ಕಾಣಲಿಲ್ಲ, ಕಂಡರೂ ಕೇಳಲಿಲ್ಲ. ಮೊದಲ ವಾರ ಸುಖವೋ ಸುಖ. ಆಮೇಲೆ ನನ್ನ ಬಾಯಿ ತುರಿಸತೊಡಗಿತು. ಯಾರಿಗಾದರೂ ಬೈಯಬೇಕೆಂದರೂ ಅಹ್ಮದ್ ಕುಂಞಿಯ ಮೂಲಕ ಬೈಯಬೇಕು. ನನ್ನ ಒಳ್ಳೊಳ್ಳೆ ಬೈಗುಳಗಳನ್ನು ಅವನು 'ಬೇಜಾರಾಗಿದೆಯಂತೆ' ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದ.

ಜೂನಿನಲ್ಲಿ ಊರಿನಿಂದ ಅಮ್ಮನ ಫೋನು ಬಂತು. ಸುಶಾಂತ ಗಡಿ ಬಿಟ್ಟುಕೊಟ್ಟಿದ್ದ. ದೈವದ ಚಾಕರಿ ತನ್ನಿಂದ ಆಗುವುದಿಲ್ಲ ಎಂದು ಚಾವಡಿಯಲ್ಲೇ ಹೇಳಿಬಿಟ್ಟನಂತೆ. "ಇನ್ನು ನೀನೇ ಮಗಾ," ಎಂದರು ಅಮ್ಮ. "ಆಟಿ ತಿಂಗಳು ಹಿಡಿಯುವ ಮೊದಲು ಬಾ, ಆಮೇಲೆ ಶುಭಕಾರ್ಯ ಇಲ್ಲ. ಇಲ್ಲದಿದ್ರೆ ಕುಟುಂಬದ ಬೇರೆ ಕವರಿನವರು ಗಡಿ ಕೇಳ್ತಾ ಇದ್ದಾರೆ."

ನಾನು ಓಡಿದ್ದು ಫ್ಲಾಯ್ಡನ ಹತ್ತಿರ. ಅವನು ತಲೆಯೆತ್ತಲೂ ಇಲ್ಲ. "ಚೀಫ್‌ಗೆ ರಜೆ ಎಲ್ಲಿ ಉಂಟು ಮಾರಾಯ?"

ಅದೇ ವಾರ ಘಾನಾದಿಂದ ಕರೆ ಬಂತು. ಅಹ್ಮದ್ ಕುಂಞಿ ಫೋನಿನ ಸ್ಪೀಕರ್ ಹಾಕಿದ. ಆ ಕಡೆಯಿಂದ ಮಾತಾಡಿದ್ದು ಕ್ವಾಬೆನಾ ಅಲ್ಲ, ಅವನ ಅಸಲಿ ಒಚಿಯಾಮೆ. ಪಟ್ಟ ಸಾಂಗವಾಗಿ ಆಯಿತು, ಟಯರಿನವನೇ ಬಂದು ಕೊಡೆ ಹಿಡಿದ ಎಂದು ಗಂಭೀರವಾದ ದನಿಯಲ್ಲಿ ತಿಳಿಸಿದ. ನಾನು ಅಹ್ಮದ್ ಕುಂಞಿಯ ಕಿವಿಯಲ್ಲಿ ನನ್ನ ಕಥೆಯನ್ನೆಲ್ಲ ತೋಡಿಕೊಂಡೆ. ಸುಶಾಂತ, ಗಡಿ, ಆಟಿ, ಅಮ್ಮ, ಫ್ಲಾಯ್ಡ್, ಕ್ವಾಬೆನಾ ಇಲ್ಲದೆ ಈ ಅಂಗಳ ಎಷ್ಟು ಬಿಕೋ ಎನ್ನುತ್ತಿದೆ ಎಂಬುದು.

"ರಜೆ ಸಿಗ್ಲಿಲ್ಲ," ಎಂದು ಫೋನಿಗೆ ಹೇಳಿದ ಅಹ್ಮದ್ ಕುಂಞಿ.

ಆ ಕಡೆ ಪಿಸುಪಿಸು. ಆಮೇಲೆ ಒಚಿಯಾಮೆ ಕೇಳಿದ, "ತಾವು ಈಗ ಕೂತಿರುವ ಪೀಠದಲ್ಲಿ ತಮ್ಮ ಪ್ರಾಣ ಇದೆಯೇ ಎಂದು ನಾನಾ ವಿಚಾರಿಸುತ್ತಾರೆ."

ನಾನು ಕುರ್ಚಿ ನೋಡಿಕೊಂಡೆ. ಒಂದು ಕಾಲಿಗೆ ಟೇಪು ಸುತ್ತಿತ್ತು. ಇಲ್ಲ ಎಂದು ತಲೆಯಾಡಿಸಿದೆ. "ಇಲ್ಲ," ಎಂದು ಫೋನಿಗೆ ಮುಟ್ಟಿಸಿದ ಅಹ್ಮದ್ ಕುಂಞಿ.

"ಹಾಗಿದ್ದರೆ ಚಪ್ಪಲಿ ಕಳಚಲು ತಮಗೆ ಏನು ಅಡ್ಡಿ ಎಂದು ನಾನಾ ಕೇಳುತ್ತಾರೆ."

ದೂರದಲ್ಲಿ ಯಾರೋ ಹೊಟ್ಟೆ ಹಿಡಿದು ನಗುವುದು ಕೇಳಿಸಿತು. ಅದು ಒಚಿಯಾಮೆಯ ನಗುವಲ್ಲ. ಆ ನಗುವನ್ನು ನನ್ನವರೆಗೆ ಮುಟ್ಟಿಸಲು ಯಾರೂ ಬೇಕಾಗಲಿಲ್ಲ.

ಮರುದಿನ ನಡು ಮಧ್ಯಾಹ್ನ ಸಾಹೇಬ ಕೋಟು ತೊಟ್ಟವರ ದೊಡ್ಡ ಗುಂಪಿನೊಂದಿಗೆ ಬಂದ. ಫ್ಲಾಯ್ಡ್ ಟೈ ಸರಿಮಾಡಿಕೊಳ್ಳುತ್ತ ಜೊತೆಗಿದ್ದ. ಬೆಕ್ಕು ಕ್ಯಾಬಿನ್ನಿನ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಎದ್ದೆ. ಪ್ಲಾಸ್ಟಿಕ್ ಕುರ್ಚಿಯನ್ನು ಮಗ್ಗುಲಿಗೆ ಮಲಗಿಸಿದೆ. ಕೊಡೆಯ ನೆರಳು ದಾಟಿ ಅಂಗಳದ ನಡುವಿಗೆ ಬಂದು ಚಪ್ಪಲಿ ಕಳಚಿದೆ. ಜೂನಿನ ಮರಳು ಕಾದ ಕಾವಲಿ. ಪಂಚೆ ಸರಿಮಾಡಿಕೊಂಡು ಕುಂಡೆ ಊರಿದೆ. ಎದ್ದೆ. ಮತ್ತೆ ಊರಿದೆ. ಕೋಟಿನವರು ಚಪ್ಪಾಳೆ ತಟ್ಟಿದರು, ಸಾಹೇಬ ಫೋಟೊ ತೆಗೆದ. ಮೂರನೆಯ ಸಲ ಊರಿದಾಗ ಕಣ್ಣಲ್ಲಿ ನೀರೇ ಬಂತು, ಅಷ್ಟು ಸುಟ್ಟಿತು.

"ಏನು ಹೇಳ್ಲಿ ಮೋಹನಣ್ಣ?" ಎಂದು ಅಹ್ಮದ್ ಕುಂಞಿ ಓಡಿಬಂದು ಕಿವಿಯೊಡ್ಡಿದ.

ನಾನು ಅವನನ್ನು ಪಕ್ಕಕ್ಕೆ ಸರಿಸಿ ಫ್ಲಾಯ್ಡನ ಮುಖ ನೋಡಿದೆ. ಎರಡು ತಿಂಗಳಿನಿಂದ ಜನರೆದುರು ನನ್ನ ದನಿ ಹೊರಬಂದಿರಲಿಲ್ಲ. ಈಗ ನನ್ನದೇ ಬಾಯಿಯಿಂದ ಹೇಳಿದೆ:

"ಫ್ಲಾಯ್ಡ್, ಟಿಕೆಟ್ ಕೊಡು. ನಂಗೆ ಮನೆಗೆ ಹೋಗ್ಬೇಕು."