ಒಪ್ಪಂದಕ್ಕೆ ಒಪ್ಪಿದವರು

ಬ್ರಿಟನ್ ಯುರೋಪಿನ ಒಕ್ಕೂಟ ಬಿಟ್ಟು ಹೊರಬಂದದ್ದರಿಂದ ಅನ್ನ ಕಂಡವಳು ನಾನು. ಇಂಗ್ಲೆಂಡಿನ ಚೀಸ್ ಫ್ರಾನ್ಸಿಗೆ ಹೋಗಬೇಕಾದರೆ ಈಗ ಅದು ತಿನ್ನಲು ಸುರಕ್ಷಿತ ಎನ್ನುವ ಆರೋಗ್ಯ ಪತ್ರ ಬೇಕು. ಅದನ್ನು ತಯಾರಿಸುವ ಸಾಫ್ಟ್‌ವೇರನ್ನು ಇಲ್ಲಿ ಅಮೆರಿಕದ ಕ್ಯಾನ್ಯನ್ ಪಾರ್ಕಿನ ನಮ್ಮ ಆಫೀಸಿನಲ್ಲಿ ನೋಡಿಕೊಳ್ಳುತ್ತೇನೆ. ನನ್ನ ವೀಸಾ ನಿಂತಿರುವುದು ಈ ಕೆಲಸದ ಮೇಲೆ, ಗಂಡ ಕಶ್ಯಪನ ವೀಸಾ ನನ್ನದರ ಮೇಲೆ. ಕೆಲಸ ಹೋದರೆ ಅರವತ್ತು ದಿನದಲ್ಲಿ ಇಬ್ಬರೂ ಗಂಟುಮೂಟೆ ಕಟ್ಟಬೇಕು.

ಹೋದ ಸೋಮವಾರ ಬ್ರಿಟನ್ ಸರ್ಕಾರದವರೂ ಒಕ್ಕೂಟದವರೂ ಕೈಕುಲುಕಿ ನಗುತ್ತಿರುವ ಫೋಟೋ ಬಂತು. ಆಹಾರದ ತಪಾಸಣೆ ತೆಗೆಯಲು ಒಪ್ಪಿದ್ದಾರಂತೆ. ನಮ್ಮ ಕಡೆ ತಾಂಬೂಲ ಬದಲಾಯಿಸಿಕೊಂಡರೆ ಮುಗಿಯಿತು, ಮರುದಿನವೇ ಛತ್ರ ಬುಕ್ ಮಾಡುತ್ತಾರೆ. ನಾನೂ ಹಾಗೇ ತಿಳಿದೆ. ಪತ್ರ ಬೇಡವಾದರೆ ನನ್ನ ಕೆಲಸವೂ ಬೇಡವಾಗುತ್ತದೆ. ಆದರೂ ಕೆಲಸದ ಆಸೆಗೆ ಹಾಗೇ ಬಿಟ್ಟಳು ಅಂತ ಯಾರೂ ಬೆರಳು ತೋರಿಸಬಾರದೆಂದು ಪತ್ರದ ಭಾಗವನ್ನು ಆಫ್ ಮಾಡಿದೆ.

ಬುಧವಾರ ಪತ್ರವಿಲ್ಲದೆ ಮೂರು ಲಾರಿ ಚೀಸ್ ಫ್ರಾನ್ಸಿನ ಬಂದರಿನಲ್ಲಿ ನಿಂತವು.

ಮ್ಯಾನೇಜರ್ ಸ್ಮಿತಾ ಮೈಸೂರಿನವರು. ಸಿಟ್ಟು ಬಂದಾಗ ಮಾತ್ರ ಕನ್ನಡಕ್ಕೆ ಇಳಿಯುತ್ತಾರೆ.

“ಏನ್ ಮಾಡಿದೀರ ಮೈತ್ರಿ? ಅವ್ರು ಇನ್ನೂ ಒಪ್ಪಂದ ಮಾಡ್ಕೊಂಡಿಲ್ಲ. ಮಾಡ್ಕೊಳೋದಕ್ಕೆ ಮಾತಾಡೋಣ ಅಂತ ಒಪ್ಪಿದಾರೆ, ಅಷ್ಟೆ.”

“ಹಾಗಾದ್ರೆ ಫೋಟೋದಲ್ಲಿ ಅಷ್ಟೊಂದು ಹಲ್ಲು ಬಿಟ್ಟಿದ್ದು ಯಾಕೆ?”

ಅವರು ನನ್ನ ಸ್ಕ್ರೀನ್ ಕಡೆ ಕೈ ತೋರಿಸಿದರು. “ಮೊದ್ಲು ಆನ್ ಮಾಡಿ. ಆಮೇಲೆ ಈ ಪತ್ರ ಇನ್ನೆಷ್ಟು ವರ್ಷ ಬೇಕಾಗತ್ತೆ ಅಂತ ಶುಕ್ರವಾರ ಬರ್ದು ಕಳ್ಸಿ. ಅಷ್ಟು ದಿನಾನೇ ನಿಮ್ ಪೋಸ್ಟ್ ಇಟ್ಕೊಳೋದು ಅಂತ ಮೇಲಿನವ್ರು ಹೇಳಿದಾರೆ.”

ಎರಡು ದಿನ ಸಿಕ್ಕಿದ್ದೆಲ್ಲ ಓದಿದೆ. ಒಬ್ಬರು ಬೇಗ ಆಗುತ್ತದೆ ಅನ್ನುತ್ತಾರೆ, ಇನ್ನೊಬ್ಬರು ಆಗುವುದೇ ಇಲ್ಲ ಅನ್ನುತ್ತಾರೆ. ತಲೆಯೆಲ್ಲ ಚಿತ್ರಾನ್ನವಾಯಿತು. ಮುನಿಸಿಕೊಂಡ ಅಣ್ಣತಮ್ಮಂದಿರು ಒಂದಾದರೆ ಪಾಯಸ ಮಾಡುವವಳು ನಾನು. ಈಗ ನೋಡಿದರೆ ಅವರು ಎಲ್ಲಾದರೂ ಕಿತ್ತಾಡಿದ ಸುದ್ದಿ ಸಿಗುತ್ತದೇನೋ ಎಂದು ಹುಡುಕುತ್ತಿದ್ದೇನೆ. ನಾಚಿಕೆಯಾಯಿತು, ಹುಡುಕುವುದನ್ನು ಮಾತ್ರ ಬಿಡಲಿಲ್ಲ.

ಶುಕ್ರವಾರ ಬೆಳಿಗ್ಗೆ ದೀಪ ಹಚ್ಚಿ ದೇವರ ಮುಂದೆ ನಿಂತೆ. ಅವರು ಒಂದಾಗಲಿ ಅನ್ನಲು ಬಾಯಿ ಬರಲಿಲ್ಲ, ಬೇಡ ಅನ್ನಲು ಮನಸ್ಸು ಬರಲಿಲ್ಲ.

“ನಮ್ಮ ಗ್ರೀನ್ ಕಾರ್ಡ್ ಬಂದ್ಮೇಲೆ ಒಂದಾಗ್ಲಪ್ಪ,” ಎಂದೆ.

ಹಿಂದೆ ಕಾಫಿ ಹಿಡಿದು ನಿಂತಿದ್ದ ಕಶ್ಯಪ್ ನಕ್ಕ. “ಅಷ್ಟೊತ್ತಿಗೆ ಅವ್ರು ಒಂದಾಗಿ, ಮತ್ತೆ ಬಿಟ್ಟೂ ಹೋಗಿರ್ತಾರೆ ಕಣೆ.”

ನಗುತ್ತಲೇ ಕಾಫಿ ನನ್ನ ಕೈಗೆ ಕೊಟ್ಟ.

ಆಫೀಸಿನಲ್ಲಿ ‘ಐದು ವರ್ಷ’ ಎಂದು ಬರೆದೆ. ಅಳಿಸಿದೆ. ‘ಎರಡು’ ಎಂದು ಬರೆದು ಅದನ್ನೂ ಅಳಿಸಿದೆ. ಕೊನೆಗೆ ‘ಗೊತ್ತಿಲ್ಲ’ ಎಂದು ಬರೆದು, ಕೆಳಗೆ ನನ್ನ ಹೆಸರು ಹಾಕಿ ಕಳಿಸಿಬಿಟ್ಟೆ.