ಸುಟ್ಟ ಬಯಲಿನ ಹೂ

ಕಡಲಂಚಿನ ಕುರುಚಲು ಬಯಲಿಗೆ ಬೆಂಕಿ ಬಿದ್ದ ಮಧ್ಯಾಹ್ನ ಟೈಲರಕ್ಕ ಹೊಲಿಗೆ ಮೆಷಿನ್ ಬಿಟ್ಟು ಅತ್ತೆಯ ಕೋಣೆಗೆ ಓಡಿದಳು. ಸೊಂಟ ಮುರಿದು ಹಾಸಿಗೆ ಹಿಡಿದಿದ್ದ ಅತ್ತೆಯನ್ನು ಅವಳೊಬ್ಬಳೇ ಎತ್ತುವುದು ಆಗದ ಮಾತು. ಬೇಲಿಯಾಚೆ ಪೊದೆಗಳು ಚಟಚಟ ಸಿಡಿಯುತ್ತಿದ್ದವು. ಅಷ್ಟರಲ್ಲಿ ಅಗ್ನಿಶಾಮಕ ದಳದ ನಾಯಕ ಬಾಗಿಲು ತಳ್ಳಿಕೊಂಡು ಬಂದವನೇ ಮುದುಕಿಯನ್ನು ಹೊದಿಕೆ ಸಮೇತ ಎತ್ತಿಕೊಂಡ.

“ಅಯ್ಯೋ, ನನ್ನ ಹಲ್ಲಿನ ಸೆಟ್ಟು!”

“ಹಲ್ಲು ಆಮೇಲೆ ಬರುತ್ತೆ ಅಜ್ಜಿ, ಮೊದಲು ನೀವು ಬನ್ನಿ.”

ಸಾಲಿನ ಮನೆಗಳೆಲ್ಲ ಉಳಿದವು. ಬಯಲು ಉಳಿಯಲಿಲ್ಲ. ಬರುವ ಬೆಂಕಿಗೆ ಸುಡಲು ಏನೂ ಸಿಗದೆ ಮನೆಗಳು ಉಳಿಯಲೆಂದು ಹಿತ್ತಿಲಾಚೆಯ ಪೊದೆಗಳಿಗೆ ನಾಯಕನೇ ಎದುರು ಬೆಂಕಿ ಇಡಿಸಿದ್ದ. ಉಪಕಾರ ನೆನೆಯಲು ಟೈಲರಕ್ಕ ಅಗ್ನಿಶಾಮಕ ಠಾಣೆಗೆ ಹೋದರೆ ಅವನು ಮುಖ ಕೊಟ್ಟು ಮಾತಾಡಲಿಲ್ಲ. “ಆಡಿ ಬೆಳೆದ ಜಾಗ ಅಕ್ಕಾ. ನನ್ನ ಕೈಯಾರೆ ಸುಟ್ಟೆ,” ಎಂದು ಪೈಪು ಸುತ್ತತೊಡಗಿದ. ಇತ್ತ ಅತ್ತೆಯೂ ಆ ಕರಿ ನೆಲ ನೋಡಲಾರದೆ ಕಿಟಕಿಯ ಪರದೆ ಎಳೆಸಿಬಿಟ್ಟರು.

ಚಳಿ ಕಳೆದ ಮೇಲೆ ಒಂದು ಬೆಳಿಗ್ಗೆ, ಗಾಳಿಗೆ ಹಾರಿದ ಬಟ್ಟೆಯ ಬೆನ್ನು ಹತ್ತಿ ಟೈಲರಕ್ಕ ಬಯಲಿಗಿಳಿದಳು. ಹೆಕ್ಕಲು ಬಗ್ಗಿದವಳು ಹಾಗೇ ಕೂತುಬಿಟ್ಟಳು. ಬೂದಿ ಬೆರೆತ ಮರಳಲ್ಲಿ ಒಂದೊಂದೇ ಎಲೆ, ಒಂದೊಂದೇ ಕಡ್ಡಿ, ತುದಿಯಲ್ಲಿ ಉಗುರಿನಷ್ಟಗಲದ ನೇರಳೆ ಹೂ. ಕಣ್ಣು ಹಾಯಿಸಿದಲ್ಲೆಲ್ಲ ಅದೇ.

“ನೆಲದ ಆರ್ಕಿಡ್ ಕಣೇ ಅದು!” ಸುದ್ದಿ ಕೇಳಿದ ಅತ್ತೆಯ ಮುಖ ಊರಗಲವಾಯಿತು. “ಮದುವೆಯಾಗಿ ಬಂದ ಹೊಸದರಲ್ಲಿ ನೋಡಿದ್ದೆ. ಆಗಲೂ ಬೆಂಕಿ ಬಿದ್ದಿತ್ತು. ಗೆಡ್ಡೆ ಮಣ್ಣೊಳಗೆ ಮಲಗಿರುತ್ತೆ, ಪೊದೆ ಸುಟ್ಟು ಬಿಸಿಲು ತಾಗಿದ್ರೇನೇ ಹೂ ಬಿಡೋದು. ನಿನ್ನ ಮಾವ ಕಾಗಕ್ಕ ಗುಬ್ಬಕ್ಕನ ಕಥೆ ಅಂತ ನಕ್ಕಿದ್ರು. ಹೋಗು, ನನ್ನ ಹೊತ್ಕೊಂಡು ಹೋದ ಆ ಹುಡುಗನ್ನ ಕರ್ಕೊಂಡು ಬಾ.”

“ಹುಡುಗನಾ? ಅವರ ತಲೆ ನರೆತಿದೆ ಅತ್ತೆ.”

“ನನಗೆ ಹುಡುಗನೇ.”

ರಜೆಯ ದಿನ ನಾಯಕ ಬಂದ. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಇಬ್ಬರೂ ಒಂದೊಂದು ಕಡೆ ಹಿಡಿದು ಬಯಲಿಗೆ ಒಯ್ದರು. ಹೂಗಳನ್ನು ಕಂಡದ್ದೇ ಅವನು ಮೊಣಕಾಲೂರಿದ. “ಇಲ್ಲೇ ಬೆಳೆದೋನು ನಾನು. ಒಂದು ಸಲಾನೂ ನೋಡಿರಲಿಲ್ಲ.”

“ನೀನು ಸುಟ್ಟಿದ್ದಕ್ಕೇ ನಾನು ಬದುಕಿದೀನಿ, ಇದೂ ಅರಳಿದೆ,” ಅತ್ತೆ ಅವನ ತಲೆಯ ಮೇಲೆ ಕೈಯಿಟ್ಟರು. “ಇನ್ನು ಮುಖ ಸಪ್ಪಗೆ ಮಾಡ್ಕೊಂಡು ಓಡಾಡಬೇಡ.”

ಟೈಲರಕ್ಕ ಕುರ್ಚಿಯ ಪಕ್ಕ ಕೂತಳು. “ಅಣ್ಣಾ, ಆವತ್ತು ನೀವು ಬರದೇ ಇದ್ದಿದ್ರೆ ನಾನು ಅತ್ತೇನ ಬಿಟ್ಟು ಹೊರಗೆ ಬರ್ತಿರಲಿಲ್ಲ. ಇಬ್ಬರೂ ಹೋಗಿರ್ತಿದ್ವಿ.”

ಅತ್ತೆಗೆ ಇದು ಗೊತ್ತಿರಲಿಲ್ಲ. ಸೊಸೆಯ ಕೈ ಹಿಡಿದವರು ಬಿಡಲೇ ಇಲ್ಲ.

ನಾಯಕ ತೋಳಿನಿಂದ ಕಣ್ಣೊರೆಸಿಕೊಂಡು, ಹೆಂಡತಿಗೆ ತೋರಿಸಲೆಂದು ಒಂದು ಹೂವಿಗೆ ಕೈ ಹಾಕಿದ. ಅತ್ತೆ ಪಟ್ಟನೆ ಕೈಗೊಂದು ಕೊಟ್ಟರು.

“ಕೀಳಬೇಡ! ಹೆಂಡ್ತೀನ ಇಲ್ಲಿಗೇ ಕರ್ಕೊಂಡು ಬಾ.”

ಮರುದಿನವೇ ಕರೆತಂದ. ಜೊತೆಗೆ ಠಾಣೆಯ ಅರ್ಧ ಜನವೂ ಬಂದರು. ಅತ್ತೆ ಕುರ್ಚಿಯಲ್ಲಿ ಕೂತು, ಎಲ್ಲಿ ಕಾಲಿಡಬೇಕು ಎಲ್ಲಿ ಇಡಬಾರದು ಎಂದು ಒಬ್ಬೊಬ್ಬರಿಗೂ ಅಪ್ಪಣೆ ಕೊಡಿಸುತ್ತಿದ್ದರು.