ಕಮಲಾಪುರದ ನಿಂಬೆಹಣ್ಣು

ದೌಲಪ್ಪ ಪೈಲ್ವಾನ ತನ್ನ ಜೀವಮಾನದಲ್ಲಿ ನಲವತ್ತಮೂರು ದೊಡ್ಡ ಕುಸ್ತಿ ಹಿಡಿದು ನಲವತ್ತೊಂದನ್ನು ಗೆದ್ದಿದ್ದ. ಬೇರೆ ಊರಾಗಿದ್ದರೆ ಇಷ್ಟೇ ಸಾಕಿತ್ತು. ಆದರೆ ಕಲಬುರಗಿ ಕೋಟೆಯ ಪಕ್ಕದ ಗರಡಿಯವರಿಗೆ, ಅಂದರೆ ತಾಲೀಮಿನವರಿಗೆ, ಗೆಲುವು ಲೆಕ್ಕಕ್ಕೇ ಇರಲಿಲ್ಲ. ಅವರು ಮರೆಯದೆ ಇಟ್ಟುಕೊಳ್ಳುತ್ತಿದ್ದುದು ಸೋಲುಗಳನ್ನು, ಅದರಲ್ಲೂ ತೀರಿಸಿಕೊಳ್ಳದೆ ಬಿಟ್ಟ ಸೋಲುಗಳನ್ನು.

ಪೈಲ್ವಾನ ವಯಸ್ಸಾಗಿ ಕುಸ್ತಿ ಬಿಟ್ಟು ಲಂಗೋಟಿ ಬಿಚ್ಚಿಟ್ಟ ದಿನ ಅವನ ಗದೆಯನ್ನು ತಾಲೀಮಿನ ಗೋಡೆಯ ಗೂಡಿನಲ್ಲಿ ಇಡುವುದು ಪದ್ಧತಿ. ತನ್ನನ್ನು ಕೆಡವಿದವರನ್ನೆಲ್ಲ ತಿರುಗಿ ಕೆಡವಿದವನ ಗದೆ ನೆಟ್ಟಗೆ ನಿಲ್ಲುತ್ತಿತ್ತು. ಒಂದು ಸೋಲು ಉಳಿದರೂ ಗದೆ ಅಡ್ಡ ಮಲಗುತ್ತಿತ್ತು. ನೂರು ಗೆದ್ದಿರಲಿ, ಹೈದರಾಬಾದಿಗೆ ಹೋಗಿ ಜರಿ ರುಮಾಲು ಸುತ್ತಿಸಿಕೊಂಡು ಬಂದಿರಲಿ, ಅಡ್ಡ ಎಂದರೆ ಅಡ್ಡ. ಸತ್ತ ಮೇಲೂ ಜನ ಅದನ್ನೇ ನೋಡಿ ಮಾತಾಡುತ್ತಿದ್ದರು. ಜನಕ್ಕೇನು, ಮಾತಿಗೆ ಬರವೇ?

ಸೋತವನೇ ಮತ್ತೆ ಕುಸ್ತಿ ಕೇಳಬೇಕು, ಗೆದ್ದವನು ಕೇಳುವಂತಿಲ್ಲ. ಕೆಂಪು ಅರಿವೆಯಲ್ಲಿ ಒಂದು ನಿಂಬೆಹಣ್ಣು ಕಟ್ಟಿ ತಾಲೀಮಿನವನೊಬ್ಬನ ಕೈಯಲ್ಲಿ ಕಳಿಸಬೇಕು. ಒಪ್ಪಿದವನು ಅದನ್ನು ಕೊಯ್ದು ಅರ್ಧ ಹೋಳು ವಾಪಸು ಕಳಿಸುತ್ತಾನೆ. ಹೆದರಿದವನು ಇಡೀ ಹಣ್ಣನ್ನೇ ಮರಳಿಸುತ್ತಾನೆ. ಹಣ್ಣು ಮರಳಿತೆಂದರೆ ಹಳೆಯ ಸೋಲೆಲ್ಲ ಅಲ್ಲಿಗೆ ಅಳಿಸಿಹೋಯಿತು.

ದೌಲಪ್ಪನನ್ನು ಎರಡು ಸಲವೂ ಕೆಡವಿದವನು ಒಬ್ಬನೇ, ಕಮಲಾಪುರದ ಮರೆಪ್ಪ. ಬಾಳೆತೋಟದ ಆಳುಮಗ, ಹೆಸರಿಲ್ಲದ ಮನುಷ್ಯ. ಮೊದಲ ಸಲ ಕಾಲು ಜಾರಿತು ಎಂದರು. ನಿಂಬೆಹಣ್ಣು ಕಳಿಸಿ ಹಿಡಿದ ಎರಡನೆಯ ಕುಸ್ತಿಯಲ್ಲಿ ಏನೂ ಜಾರಲಿಲ್ಲ. ಮರೆಪ್ಪ ಅವನನ್ನು ಹೆಗಲ ಮೇಲಿಂದ ಎತ್ತಿ ಒಗೆದ, ದೌಲಪ್ಪ ಬೆನ್ನು ಮಣ್ಣಿಗೆ ಹಚ್ಚಿ ಆಕಾಶ ನೋಡುತ್ತ ಬಿದ್ದ, ಸ್ವಲ್ಪ ಹೊತ್ತು ಉಸಿರೇ ಬರಲಿಲ್ಲ.

ಊರೂರನ್ನೇ ಮಲಗಿಸಿದ ದೊಡ್ಡ ಜ್ವರ ಬಂದದ್ದು ಅದೇ ವರ್ಷ. ದೌಲಪ್ಪನ ಹೆಂಡತಿ ಸೂಗಮ್ಮನ ತಮ್ಮ ದತ್ತಪ್ಪನೂ ತಾಲೀಮಿನವನೇ; ಅವನು ಆ ಜ್ವರದಲ್ಲಿ ತೀರಿಕೊಂಡ. ಅವನ ಮಣ್ಣು ಮುಗಿದ ಎಂಟು ದಿನಕ್ಕೆ ತಾಲೀಮಿನಲ್ಲಿ ಯಾರೋ ಕೇಳಿದರು, "ನಿಂಬಿಹಣ್ಣ ಕಳಿಸಿದ್ರೋ ಇಲ್ಲೋ?" ದೌಲಪ್ಪನ ಬಾಯಿಂದ ಮಾತು ತಾನಾಗಿ ಬಿತ್ತು: "ದತ್ತಪ್ಪನ ಕೈಯಾಗ ಕಳಿಸಿದ್ದೆ. ಮರೆಪ್ಪ ಇನ್ನೂ ಏನೂ ಹೇಳಿ ಕಳಿಸಿಲ್ಲ."

ಕಳಿಸಿರಲಿಲ್ಲ. ಅವನಿಗೆ ಭಯವಾಗಿತ್ತು, ಅಷ್ಟೇ ವಿಷಯ.

ಅಲ್ಲಿಂದ ಹದಿನಾಲ್ಕು ವರ್ಷ. "ಹೋಗಿ ಕೇಳೋಣೇನು?" ಎಂದವರಿಗೆಲ್ಲ ದೌಲಪ್ಪ, "ಹೋಗಲಿ ಬಿಡ್ರಿ, ಬಡವ" ಎನ್ನುತ್ತಿದ್ದ. ಎಂಥಾ ದೊಡ್ಡ ಮನಸ್ಸು ಎಂದು ಊರು ಹೊಗಳಿತು. ಆ ಕಡೆ ಹಣ್ಣನ್ನು ಕೊಯ್ಯಲೂ ಇಲ್ಲ, ಮರಳಿಸಲೂ ಇಲ್ಲ ಎಂದು ಮರೆಪ್ಪನಿಗೆ 'ನಿಂಬಿಹಣ್ಣ ನುಂಗಿದ ಮರೆಪ್ಪ' ಎಂಬ ಹೆಸರು ಬಿತ್ತು. ಸೂಗಮ್ಮ ಮಾತ್ರ ಬಾವಿಕಟ್ಟೆಯಲ್ಲಿ ನಿಂತು, "ಜ್ವರ ಮೈಯಾಗ ಇಟಕೊಂಡೇ ನನ್ನ ತಮ್ಮ ಕಮಲಾಪುರಕ್ಕ ಹೋಗಿ ಬಂದ" ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು. ಅದನ್ನು ಕೇಳಿದಾಗಲೆಲ್ಲ ದೌಲಪ್ಪನಿಗೆ ತುತ್ತು ಇಳಿಯುತ್ತಿರಲಿಲ್ಲ.

ಹದಿನಾಲ್ಕನೆಯ ವರ್ಷದ ನಾಗರಪಂಚಮಿಗೆ ಅವನು ಲಂಗೋಟಿ ಬಿಚ್ಚಿಡುವುದೆಂದು ನಿಗದಿಯಾಯಿತು. ಇನ್ನು ಆರು ದಿನ ಇರುವಾಗ ತಾಲೀಮಿನ ವಸ್ತಾದ ನಬಿಸಾಬ್ ಬೆಳಿಗ್ಗೆಯೇ ಬಂದು ಬಾಗಿಲಲ್ಲಿ ನಿಂತರು. ದೌಲಪ್ಪನಿಗೆ ಮೊದಲ ಪಟ್ಟು ಕಲಿಸಿದ ಕೈ ಅವರದು.

"ಏಳೋ ದೌಲ್ಯಾ. ಕಮಲಾಪುರಕ್ಕ ಹೋಗೂಣು. ಅವ ನುಂಗಿದ ಹಣ್ಣ ಕಕ್ಕಿಸಿಕೊಂಡು ಬರೂಣು. ನಿನ್ನ ಗದಾ ಅಡ್ಡ ಬಿದ್ದದ್ದು ನೋಡಿ ನಾ ಸಾಯಬೇಕೇನು?"

"ಈಗ ಯಾಕ್ರೀ ವಸ್ತಾದ, ಮುಗದ ಮಾತು..."

"ಸುಮ್ಮಕಿರು! ನಿಂದು ದೊಡ್ಡ ಮನಸ್ಸು ಸಾಕು."

ಸೂಗಮ್ಮ ಆಗಲೇ ರೊಟ್ಟಿ, ಶೇಂಗಾಹಿಂಡಿ ಕಟ್ಟಿದ್ದಳು. ಹುಮನಾಬಾದಿನ ಕಡೆ ಹೋಗುವ ಮೋಟಾರಿನಲ್ಲಿ ನಬಿಸಾಬ್ ದಾರಿಯುದ್ದಕ್ಕೂ ಮಾತಾಡಿದರು. ದೌಲಪ್ಪ ಹೂಂ ಎಂದ ಅಷ್ಟೇ. ಮರೆಪ್ಪ ಒಂದೇ ಒಂದು ಮಾತು, 'ಬರಲಿಲ್ಲ' ಎಂದರೆ ಸಾಕು, ಗದೆಯಷ್ಟೇ ಅಲ್ಲ, ತಾನೂ ಅಡ್ಡ ಬಿದ್ದ ಹಾಗೆ ಎಂದು ಅವನಿಗೆ ಗೊತ್ತಿತ್ತು. ಮೋಟಾರು ಎಲ್ಲಾದರೂ ಕೆಟ್ಟು ನಿಲ್ಲಬಾರದೇ ಎಂದು ಹಾರೈಸಿದ. ಹಾಳಾದ್ದು, ಅವತ್ತು ಸರಿಯಾಗಿಯೇ ಓಡಿತು.

ಮರೆಪ್ಪ ತೋಟದಲ್ಲಿ ಕೆಂಪು ಬಾಳೆಯ ಗೊನೆ ಕಡಿದು ಸಾಲಾಗಿ ಇಡುತ್ತಿದ್ದ. ಎಡಗಾಲು ಎಳೆದು ನಡೆಯುತ್ತಿದ್ದ. ಬಂದವರನ್ನು ಗುರುತಿಸಿ ಕುಡಗೋಲು ಕೆಳಗಿಟ್ಟ, ಕಂಬಳಿ ಹಾಸಿದ, ನೀರು ಕೊಟ್ಟ.

ನಬಿಸಾಬ್ ನೀರು ಮುಟ್ಟಲಿಲ್ಲ. "ಮರೆಪ್ಪಾ, ಖರೇ ಹೇಳು. ಹದಿನಾಕು ವರ್ಷದ ಹಿಂದ ಇವನ ನಿಂಬಿಹಣ್ಣ ನಿನಗ ಮುಟ್ಟಿತ್ತೋ ಇಲ್ಲೋ?"

ಮರೆಪ್ಪ ದೌಲಪ್ಪನನ್ನು ನೋಡಿದ. ದೌಲಪ್ಪ ಬಾಳೆಗೊನೆಗಳನ್ನು ನೋಡಿದ.

"ಮುಟ್ಟಿತ್ತರಿ," ಎಂದ ಮರೆಪ್ಪ. "ನಾನೇ ಕುಸ್ತಿಗಿ ಬರಲಿಲ್ಲ."

"ಹಂಗಾರ ಹಣ್ಣ ಮರಳಿಸು!"

ಮರೆಪ್ಪ ಎದ್ದು ಬಾವಿಯ ಹತ್ತಿರದ ನಿಂಬೆಗಿಡಕ್ಕೆ ಹೋಗಿ ಒಂದು ಹಣ್ಣು ಕಿತ್ತು ತಂದು ನಬಿಸಾಬರ ಕೈಗೆ ಹಾಕಿದ. "ಆವಾಗಿಂದು ಕೆಟ್ಟು ಹೋಗ್ಯದ್ರಿ. ಅದರ ಬದಲಿ ಇದು."

ಮುದುಕನ ಸಂತೋಷಕ್ಕೆ ಮೇರೆಯೇ ಇರಲಿಲ್ಲ. ಹಣ್ಣನ್ನು ಕಣ್ಣಿಗೊತ್ತಿಕೊಂಡು, ತಂಬಿಗೆ ನೀರು ಪೂರ್ತಿ ಕುಡಿದು, ನಮಾಜಿಗೆ ಕೈಕಾಲು ತೊಳೆಯಲೆಂದು ಬಾವಿಯತ್ತ ನಡೆದರು.

ಇಬ್ಬರೇ ಉಳಿದರು. ದೌಲಪ್ಪ ಕೇಳಿದ, "ಯಾಕ ಸುಳ್ಳ ಹೇಳಿದಿ?"

"ಖರೇ ಹೇಳಿದ್ರ ಯಾರು ನಂಬತಿದ್ರು?" ಮರೆಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ದೌಲಪ್ಪನಿಗೆ ಹೆಚ್ಚು ಚುಚ್ಚಿತು. "ಎರಡು ವರ್ಷ ನಾ ದಾರಿ ನೋಡಿದೆ, ಪೈಲ್ವಾನರೇ. ದಿನಾ ಸಾಮು ಮಾಡಿದೆ. ಒಂದಿನ ಸಂತ್ಯಾಗ ಒಬ್ಬ ಕೇಳಿದ, ಹಣ್ಣ ಹುಳಿ ಇತ್ತೇನೋ ಮರೆಪ್ಪ, ನುಂಗಿದ್ಯಲ್ಲ ಅಂತ. ಆವತ್ತು ತಿಳೀತು. ನನ್ನ ಹೆಸರಂತೂ ಹೋಗ್ಯದ. ನಿಮ್ಮ ಗದಾ ಆದ್ರೂ ನೆಟ್ಟಗ ನಿಲ್ಲಲಿ."

ಹೊರಡುವಾಗ ಒಂದು ಚಿಪ್ಪು ಕೆಂಪು ಬಾಳೆಹಣ್ಣನ್ನೂ ಕಟ್ಟಿಕೊಟ್ಟ. ದೌಲಪ್ಪನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮರೆಪ್ಪ ಈ ಸಲ ಕೈ ಮುಟ್ಟದೆಯೇ ಅವನನ್ನು ಚಿತ್ ಮಾಡಿದ್ದ.

ಪಂಚಮಿಯ ದಿನ ತಾಲೀಮು ತುಂಬಿ ಬಾಗಿಲಾಚೆಗೂ ಜನ ನಿಂತಿದ್ದರು. ನಬಿಸಾಬ್ ತಾವೇ ಗದೆಯನ್ನು ಗೂಡಿನಲ್ಲಿ ನೆಟ್ಟಗೆ ನಿಲ್ಲಿಸಿ, ಬುಡದಲ್ಲಿ ನಿಂಬೆಹಣ್ಣು ಇಟ್ಟು, "ಶಾಬಾಸ್!" ಎಂದು ಕೂಗಿದರು. ಚಪ್ಪಾಳೆ ಬಿತ್ತು. "ಲಂಗೋಟಿ ತಾರೋ ದೌಲ್ಯಾ" ಎಂದು ಕೈ ಚಾಚಿದರು.

ದೌಲಪ್ಪ ಎದ್ದು ಗೂಡಿನ ಹತ್ತಿರ ಹೋಗಿ ಗದೆಯನ್ನು ಅಡ್ಡ ಮಲಗಿಸಿದ. ಚಪ್ಪಾಳೆ ನಿಂತಿತು. ನಿಂಬೆಹಣ್ಣು ಎತ್ತಿಕೊಂಡು, ತನ್ನ ಕೆಂಪು ರುಮಾಲಿನ ಸೆರಗು ಹರಿದು ಅದರಲ್ಲಿ ಕಟ್ಟಿದ.

"ವಸ್ತಾದ, ಇದನ್ನ ಕಮಲಾಪುರಕ್ಕ ಒಯ್ರಿ. ದೌಲಪ್ಪ ಕುಸ್ತಿ ಕೇಳ್ಯಾನ ಅಂತ ಮರೆಪ್ಪಗ ಹೇಳ್ರಿ."

"ಹುಚ್ಚು ಹಿಡದದೇನೋ? ಒಮ್ಮಿ ಕಳಿಸಿದ್ದಿ, ಅವ ಮರಳಿಸ್ಯಾನ..."

"ಕಳಿಸಿದ್ದಿಲ್ಲರಿ. ಎರಡನೇ ಸಲ ಸೋತ ಮ್ಯಾಲ ಇದೇ ಮೊದಲನೇದು."

"ಮತ್ತ ದತ್ತಪ್ಪ?"

"ಅವ ಎಲ್ಲಿಗೂ ಹೋಗಿದ್ದಿಲ್ಲ. ನಾ ಅಂಜಿದ್ದೆ. ಸತ್ತವನ ಮ್ಯಾಲ ಸುಳ್ಳ ಹೊರಿಸಿದೆ, ಬದುಕಿದವನ ಹೆಸರ ಕೆಡಿಸಿದೆ."

ನಬಿಸಾಬ್ ಕುಸ್ತಿಕಣದ ಅಂಚಿನಲ್ಲಿ ಕೂತುಬಿಟ್ಟರು. ಜನ ಒಬ್ಬೊಬ್ಬರಾಗಿ ಹೊರಟರು. ಮಾತು ಅವರಿಗಿಂತ ಮೊದಲೇ ಊರು ಮುಟ್ಟಿತು. ಬಾವಿಕಟ್ಟೆಯಿಂದ ಸುದ್ದಿ ಕೇಳಿ ಬಂದ ಸೂಗಮ್ಮ ಕೊಡ ಇಳಿಸಿ ಗಂಡನ ಮುಖ ನೋಡಿದಳು, ತಮ್ಮನ ಹೆಸರು ಹಿಡಿದು ಅತ್ತಳು, ಆಮೇಲೆ ಮೂರು ದಿನ ಅವನೊಡನೆ ಮಾತಾಡಲಿಲ್ಲ. ತಟ್ಟೆ ಇಡುತ್ತಿದ್ದಳು, ಹೋಗುತ್ತಿದ್ದಳು. ದೌಲಪ್ಪ ಉಂಡ. ವಿಚಿತ್ರವೆಂದರೆ ತುತ್ತು ಸರಾಗವಾಗಿ ಇಳಿಯಿತು.

ನಾಲ್ಕನೆಯ ದಿನ ನಬಿಸಾಬ್ ಬಂದರು. ಒಳಗೆ ಬರಲಿಲ್ಲ, ಕೂಡಲಿಲ್ಲ. ದೌಲಪ್ಪನ ಅಂಗೈಯಲ್ಲಿ ಕೆಂಪು ಅರಿವೆಯ ಗಂಟು ಇಟ್ಟರು. ಒಳಗೆ ಅರ್ಧ ಹೋಳು ನಿಂಬೆಹಣ್ಣು ಇತ್ತು.

"ಮೊಣಕಾಲ ಹೋಗ್ಯದ ಅವಂದು," ಎಂದರು ಮುದುಕ, ಬೇರೆ ಕಡೆ ನೋಡುತ್ತ. "ಆದ್ರೂ ನನ್ನ ಮುಂದೇ ಕೊಯ್ದ. ಓಣಿ ಮಂದಿನ್ನೆಲ್ಲ ಕರದು, ಅವರಿಗಿ ತೋರಿಸಿ ಕೊಯ್ದ. ಯಾವತ್ತು ಬರಬೇಕು ಅಂತ ಕೇಳ್ಯಾನ."

ದೌಲಪ್ಪ ಹೋಳನ್ನು ಸೂಗಮ್ಮನ ಕೈಗೆ ಕೊಟ್ಟ. ಅವಳು ಬೇಡ ಎನ್ನಲಿಲ್ಲ. ಅವನು ತಾಲೀಮಿಗೆ ಹೋಗಿ, ಅಡ್ಡ ಮಲಗಿದ ಗದೆಯ ಕೆಳಗೆ ಅಂಗಿ ಬಿಚ್ಚಿಟ್ಟು, ಸಲಿಕೆ ತೆಗೆದುಕೊಂಡು ಕುಸ್ತಿಕಣದ ಮಣ್ಣು ಅಗೆಯತೊಡಗಿದ.